ಗಣಿತ ಚೆನ್ನಾಗಿ ಬಂದರೆ ಹೈಸ್ಕೂಲ್ ಮೇಷ್ಟ್ರಾಗಲು ಸಾಕಾ?

ಬಿಎಸ್ಸಿ ಎರಡನೇ ವರ್ಷದಲ್ಲಿದ್ದೀರಿ, ಗಣಿತದಲ್ಲಿ ಒಳ್ಳೆ ಅಂಕ ಬರುತ್ತಿದೆ, ಹೈಸ್ಕೂಲ್ ಮೇಷ್ಟ್ರಾಗಲು ಅಷ್ಟು ಸಾಲದೇ, ಬಿ.ಎಡ್‌ಗೆ ಎರಡು ವರ್ಷ ಯಾಕೆ ಅಂತ ಕೇಳಿದ್ದೀರಿ. ಗಣಿತ ಬರುವವರು ತಾವಾಗೇ ಈ ಕಡೆ ಬಂದರೆ ನನಗೆ ತುಂಬಾ ಖುಷಿ. ಆದರೆ ಅಷ್ಟು ಸಾಲದು.

ನಾನು ಎಂಟನೇ ಕ್ಲಾಸಿಗೆ ಪಾಠ ಮಾಡುತ್ತೇನೆ. −3 − 5 ಎಷ್ಟು ಅಂತ ಕೊಟ್ಟರೆ ಪ್ರತಿ ವರ್ಷ ಹಲವರು 8 ಅಂತ ಬರೆಯುತ್ತಾರೆ. ಕೆಂಪು ಪೆನ್ನಲ್ಲಿ ಗೀಟು ಹಾಕಿ ತಿದ್ದುವುದು ಸುಲಭ. 'ಹೇಗೆ ಬಂತು ಹೇಳಪ್ಪಾ' ಅಂತ ಕೇಳಿ ನೋಡಿ. 'ಮೈನಸ್ಸು ಮೈನಸ್ಸು ಪ್ಲಸ್ಸು ಅಲ್ವಾ ಸಾರ್' ಅನ್ನುತ್ತಾನೆ. ಗುಣಾಕಾರದ ನಿಯಮ ತಂದು ಇಲ್ಲಿ ಹಾಕಿದ್ದಾನೆ. ಅವನಿಗೆ ಇನ್ನೊಂದು ನಿಯಮ ಬಾಯಿಪಾಠ ಮಾಡಿಸಿದರೆ ಗೊಂದಲ ಇನ್ನೂ ಜಾಸ್ತಿ. ಅಂಗಡಿಯಲ್ಲಿ 3 ರೂಪಾಯಿ ಸಾಲ ಇತ್ತು, ಇವತ್ತು ಮತ್ತೆ 5 ರೂಪಾಯಿ ಸಾಲ ಮಾಡಿದೆ, ಒಟ್ಟು ಎಷ್ಟಾಯ್ತು? ಆಮೇಲೆ ಸಂಖ್ಯಾರೇಖೆ ಮೇಲೆ −3ರಿಂದ ಎಡಕ್ಕೆ ಐದು ಮನೆ ಅವನೇ ಎಣಿಸಲಿ. ಪಕ್ಕದಲ್ಲೇ (−3) × (−5) ಬರೆದು, ಎರಡಕ್ಕೂ ಏನು ವ್ಯತ್ಯಾಸ ಅಂತ ಅವನ ಬಾಯಲ್ಲೇ ಹೇಳಿಸಿ. ಡಿಗ್ರಿಯಲ್ಲಿ ಓದುವ ಗ್ರೂಪ್ ಥಿಯರಿ, ರಿಯಲ್ ಅನಾಲಿಸಿಸ್ ನಿಮಗೆ ಬೇಕೇ ಬೇಕು. ಆದರೆ ಆ 8 ಎಲ್ಲಿಂದ ಬಂತು ಅಂತ ಅವು ಹೇಳಿಕೊಡುವುದಿಲ್ಲ.

ಅದನ್ನು ಮಕ್ಕಳ ಜೊತೆ ಕೂತೇ ಕಲಿಯಬೇಕು. ಬಿ.ಎಡ್‌ನಲ್ಲಿ ಕನಿಷ್ಠ 20 ವಾರ ಶಾಲೆಯ ಕೆಲಸಕ್ಕೇ ಮೀಸಲು. ಆ ವಾರಗಳನ್ನು ಸುಮ್ನೆ ಪಾಠಯೋಜನೆಯ ರೆಕಾರ್ಡ್ ತುಂಬಿಸುವುದರಲ್ಲಿ ಕಳೆಯಬೇಡಿ, ಮಕ್ಕಳ ನೋಟ್‌ಬುಕ್ ತೆಗೆದು ನೋಡಿ. ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಅನ್ನುವ ಕಾಲೇಜಿಗೆ ಮಾತ್ರ ದಯವಿಟ್ಟು ಸೇರಬೇಡಿ. ಭೌತಶಾಸ್ತ್ರವನ್ನೂ ಕಡೆಗಣಿಸಬೇಡಿ. ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಮೇಷ್ಟ್ರು ಗಣಿತದ ಜೊತೆ ವಿಜ್ಞಾನವನ್ನೂ ನೋಡಿಕೊಳ್ಳಬೇಕಾಗುತ್ತದೆ.

ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1997ರಿಂದ ಯುಟೀಚ್ ಅಂತ ಒಂದು ಕಾರ್ಯಕ್ರಮ ಇದೆ. ಗಣಿತ, ವಿಜ್ಞಾನ ಓದುವವರನ್ನು ಶುರುವಿನಲ್ಲೇ ಶಾಲೆಗೆ ಕಳಿಸಿ ಪಾಠ ಮಾಡಿಸುತ್ತಾರೆ. ಇಷ್ಟವಾದವರು ಮುಂದುವರಿಯುತ್ತಾರೆ. ನಮ್ಮ ಡಿಗ್ರಿ ಕಾಲೇಜುಗಳೂ ಹೀಗೆ ಮಾಡಬೇಕು ಅನ್ನುವುದು ನನ್ನ ದೊಡ್ಡ ಆಸೆ. ನೀವು ಅದಕ್ಕೆಲ್ಲ ಕಾಯಬೇಡಿ. ನೀವು ಓದಿದ ಹೈಸ್ಕೂಲಿಗೇ ಹೋಗಿ, ಹೆಡ್‌ಮಾಸ್ಟರ್ ಹತ್ತಿರ ವಾರಕ್ಕೊಂದು ಪೀರಿಯಡ್ ಕೇಳಿ.

ಪಿಯುಸಿ ಓದುತ್ತಿರುವ ನಿಮ್ಮ ತಂಗಿಗೂ ಟೀಚರ್ ಆಗುವ ಆಸೆ ಅಂದಿರಿ. ಅವಳಿಗೆ ದಾರಿ ಇನ್ನೂ ನೇರ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಆದ ಮೇಲೆ ನಾಲ್ಕು ವರ್ಷಕ್ಕೆ ಬಿಎಸ್ಸಿ, ಬಿ.ಎಡ್ ಎರಡೂ ಒಟ್ಟಿಗೆ ಮುಗಿಯುತ್ತದೆ. ಪ್ರವೇಶ ಪರೀಕ್ಷೆ ಬರೆಯಬೇಕು. ರಿಸಲ್ಟ್ ಬಂದ ಮೇಲೆ ನೋಡೋಣ ಅಂತ ಕೂರದೆ ಈಗಲೇ ಅರ್ಜಿ ದಿನಾಂಕ ವಿಚಾರಿಸಿ.