ರಫ್ತು ನಿಷೇಧ, ಆಮದು ಸುಂಕ ಇವೆಲ್ಲ ನಮ್ಮಂಥ ಸಾಮಾನ್ಯ ಜನರಿಗೆ ಹೇಗೆ ತಟ್ಟುತ್ತವೆ?

ಈರುಳ್ಳಿಯನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅದರ ರಫ್ತಿಗೆ ಶೇ 40 ಸುಂಕ ಹಾಕಿತು. ಡಿಸೆಂಬರ್ 8ಕ್ಕೆ ರಫ್ತನ್ನೇ ನಿಷೇಧಿಸಿತು. ಹೊರದೇಶಕ್ಕೆ ಹೋಗಬೇಕಿದ್ದ ಮಾಲು ಇಲ್ಲೇ ಉಳಿದು ಮಂಡಿಯಲ್ಲಿ ದರ ಕುಸಿಯಿತು. ಪೇಟೆಯಲ್ಲಿ ಕೊಳ್ಳುವವರಿಗೆ ನಿರಾಳ. ಬೀಜ, ಗೊಬ್ಬರ, ಕೂಲಿಗೆ ಆಗಲೇ ದುಡ್ಡು ಸುರಿದಿದ್ದ ರೈತನ ಗತಿ? ನಿಷೇಧ ತೆರವಾಗಿದ್ದು 2024ರ ಮೇ 4ಕ್ಕೆ. ಮುಂಗಾರು ಈರುಳ್ಳಿಯನ್ನು ಅಷ್ಟು ದಿನ ಇಟ್ಟುಕೊಳ್ಳಲು ಆಗುವುದಿಲ್ಲ.

ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಂಗಳೂರು ರೋಸ್ ಈರುಳ್ಳಿ ಬೆಳೆಗಾರರಿಗಂತೂ ಸುಮ್ನೆ ಪೆಟ್ಟು ಬಿತ್ತು. ಸಣ್ಣ ಗೆಡ್ಡೆ, ಖಾರ ಜಾಸ್ತಿ. ಇಲ್ಲಿ ಕೊಳ್ಳುವವರು ಕಡಿಮೆ, ಹೋಗುವುದೆಲ್ಲ ಮಲೇಷ್ಯಾ, ಸಿಂಗಪುರ, ಶ್ರೀಲಂಕಾ ಕಡೆಗೆ. ಅದನ್ನು ತಡೆದರೆ ಇಲ್ಲಿನ ಬೆಲೆ ಯಾಕೆ ಇಳಿಯುತ್ತೆ, ಅಲ್ವಾ? 2023ರ ಸೆಪ್ಟೆಂಬರ್ ಕೊನೆಗೆ ಈ ತಳಿಗೆ ಶೇ 40 ಸುಂಕದಿಂದ ವಿನಾಯಿತಿ ಸಿಕ್ಕಿತು, ಅದೂ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರ ಇದ್ದರೆ ಮಾತ್ರ. ಇಂಥ ನಿರ್ಧಾರ ಬಿತ್ತನೆಗೆ ಮೊದಲೇ ಗೊತ್ತಾಗಬೇಕು, ಫಸಲು ಕೈಗೆ ಬಂದಾಗ ಅಲ್ಲ.

ಅಡುಗೆ ಎಣ್ಣೆಯದು ಉಲ್ಟಾ. ದೇಶಕ್ಕೆ ಬೇಕಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಆಮದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಯ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು. ಎಣ್ಣೆಕಾಳು ಬೆಳೆಯುವವರಿಗೆ ಒಳ್ಳೆ ಬೆಲೆ ಸಿಗಲಿ ಅನ್ನೋದು ಉದ್ದೇಶ. ಹೊರೆ ಬಿದ್ದಿದ್ದು ಮನೆಯ ಬಾಣಲೆಗೆ, ಬೀದಿಬದಿಯ ಬಜ್ಜಿ ಅಂಗಡಿಗೆ. 2025ರ ಮೇ ಕೊನೆಗೆ ಸರ್ಕಾರ ಆ ಸುಂಕವನ್ನು ಶೇ 10ಕ್ಕೆ ಇಳಿಸಿತು.