ಓದುಗರ ಪ್ರಶ್ನೆ, ನಮ್ಮ ಉತ್ತರ: ಇಟಲಿಯ ಹಳೆಯ ಕತೆಗಳು ಊಟಕ್ಕೆ ಕೂತಾಗ

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಬೊಕಾಚಿಯೊನ ‘ಡೆಕಮೆರಾನ್’ ಓದುತ್ತಿದ್ದೇವೆ, ಮೇಡಂ. ಪ್ರೀತಿ, ಸೇಡು, ಕುಚೋದ್ಯ ಎಲ್ಲವೂ ಸುತ್ತಿ ಬಳಸಿ ಊಟದ ಮೇಜಿಗೇ ಬಂದು ನಿಲ್ಲುತ್ತವೆ. ಯಾಕೆ ಹೀಗೆ? ಕತೆಗೆ ಸುಮ್ನೆ ಒಂದು ಜಾಗ ಬೇಕಿತ್ತು ಅಂತಲಾ?
– ಶಿರಸಿಯ ಓದುಗರೊಬ್ಬರು

ಉತ್ತರ: ಸುಮ್ನೆ ಅಲ್ಲ. ಕಾಲೇಜಿನಲ್ಲಿ ಈ ಕತೆಗಳನ್ನು ಪಾಠ ಮಾಡುವಾಗ ನಾನು ಜಾಸ್ತಿ ಹೊತ್ತು ನಿಲ್ಲುತ್ತಿದ್ದುದು ಊಟದ ಸನ್ನಿವೇಶಗಳಲ್ಲೇ. ನನಗೆ ಕಾಣುವುದು ಇಷ್ಟು: ಊಟಕ್ಕೆ ಕೂತವರು ಮಧ್ಯದಲ್ಲಿ ಏಳುವ ಹಾಗಿಲ್ಲ. ಬಡಿಸಿದ್ದನ್ನು ಬೇಡ ಅನ್ನುವ ಹಾಗಿಲ್ಲ. ಹೊಟ್ಟೆಯಲ್ಲಿ ಎಂಥ ಸಂಕಟ ಇದ್ದರೂ ಮುಖ ನೆಟ್ಟಗೆ ಇಟ್ಟುಕೊಳ್ಳಬೇಕು. ಕತೆಗಾರನಿಗೆ ಇದಕ್ಕಿಂತ ಒಳ್ಳೆಯ ಕಟ್ಟು ಬೇರೆ ಸಿಗದು.

14ನೆಯ ಶತಮಾನದ ಈ ಪುಸ್ತಕದಲ್ಲಿ ಹತ್ತು ಜನ ಸೇರಿ ಹತ್ತು ದಿನ, ದಿನಕ್ಕೆ ಹತ್ತರಂತೆ ಕತೆ ಹೇಳುತ್ತಾರೆ. ಅದರಲ್ಲಿ ಗಿಡುಗದ ಕತೆಯನ್ನೇ ನೋಡಿ. ಐದನೆಯ ದಿನದ ಒಂಬತ್ತನೆಯ ಕತೆ ಅದು. ಫ್ಲಾರೆನ್ಸಿನ ಫೆಡೆರಿಗೊ ಎಂಬ ಯುವಕ ಮೊನ್ನಾ ಜೊವಾನ್ನಾ ಎಂಬ ಗೃಹಿಣಿಗೆ ಮನಸೋತು, ಅವಳ ಕಣ್ಣಿಗೆ ಬೀಳಲೆಂದೇ ಇದ್ದಬದ್ದದ್ದನ್ನೆಲ್ಲ ಖರ್ಚು ಮಾಡುತ್ತಾನೆ. ಅವಳು ತಿರುಗಿಯೂ ನೋಡುವುದಿಲ್ಲ. ಕೊನೆಗೆ ಅವನ ಕೈಯಲ್ಲಿ ಉಳಿಯುವುದು ಕಾಂಪಿ ಎಂಬ ಊರಿನ ಒಂದು ಸಣ್ಣ ಜಮೀನು, ಮತ್ತೆ ಒಂದು ಬೇಟೆಯ ಗಿಡುಗ. ಮುಂದೆ ಅವಳ ಗಂಡ ತೀರಿಕೊಳ್ಳುತ್ತಾನೆ. ಮಗ ಕಾಯಿಲೆ ಬೀಳುತ್ತಾನೆ. ಆ ಗಿಡುಗ ಸಿಕ್ಕರೆ ನನಗೆ ವಾಸಿಯಾಗುತ್ತದಮ್ಮ ಅಂತಾನೆ ಹುಡುಗ. ಯಾವ ಮುಖ ಇಟ್ಟುಕೊಂಡು ಕೇಳಲಿ ಅಂತ ಅವಳು ಒದ್ದಾಡುತ್ತಾಳೆ. ಆದರೂ ಮಗನಿಗಾಗಿ ಇನ್ನೊಬ್ಬ ಹೆಂಗಸನ್ನು ಜೊತೆಗೆ ಕರೆದುಕೊಂಡು ಹೊರಡುತ್ತಾಳೆ.

ಅಲ್ಲಿ ಹೋಗಿ ಬಂದ ಕೆಲಸ ಹೇಳುವುದಿಲ್ಲ. ಇವತ್ತು ನಿಮ್ಮಲ್ಲೇ ಊಟ ಮಾಡುತ್ತೇವೆ ಅನ್ನುತ್ತಾಳೆ. ಮನೆಯಲ್ಲಿ ಏನೂ ಇಲ್ಲ. ಫೆಡೆರಿಗೊ ಅತ್ತಿತ್ತ ಓಡಾಡುತ್ತಾನೆ. ದುಡ್ಡಿಲ್ಲ, ಒತ್ತೆ ಇಡಲು ಸಾಮಾನಿಲ್ಲ. ಕಣ್ಣು ಗೂಟದ ಮೇಲೆ ಕೂತ ಗಿಡುಗದ ಮೇಲೆ ಬೀಳುತ್ತದೆ. ಎತ್ತಿ ನೋಡುತ್ತಾನೆ. ಮೈ ತುಂಬಿಕೊಂಡಿದೆ. ಕತ್ತು ಮುರಿದು, ಪುಕ್ಕ ಕೀಳಿಸಿ, ಕಂಬಿಗೆ ಚುಚ್ಚಿ ಸುಡಿಸುತ್ತಾನೆ. ಆಮೇಲೆ ಮೇಜಿಗೆ ಅಚ್ಚ ಬಿಳಿ ಬಟ್ಟೆ ಹಾಸುತ್ತಾನೆ. ಅಂಥವು ಇನ್ನೂ ಕೆಲವು ಅವನ ಹತ್ತಿರ ಉಳಿದಿದ್ದವು ಅಂತ ಬೊಕಾಚಿಯೊ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅನ್ನಕ್ಕೆ ಗತಿಯಿಲ್ಲ, ಆದರೆ ಮೇಜಿನ ಬಟ್ಟೆ ಬೆಳ್ಳಗಿದೆ. ಆ ಮನುಷ್ಯ ಎಂಥವನು ಅಂತ ತಿಳಿಯಲು ಅಷ್ಟು ಸಾಕು, ಅಲ್ವಾ?

ಈಗ ಕಟ್ಟು ಗಮನಿಸಿ. ಊಟಕ್ಕೆ ಮುಂಚೆ ಬಾಯಿಬಿಟ್ಟು ಕೇಳಿದ್ದರೆ ಗಿಡುಗ ಬದುಕುತ್ತಿತ್ತು. ಬಂದ ಅತಿಥಿ ಹಾಗೆ ಕೇಳಬಾರದು ಅಂತ ಅವಳು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅಂತ ಅವನು. ಇಬ್ಬರ ಒಳ್ಳೆಯತನವೇ ಸೇರಿ ಆ ಹಕ್ಕಿಯನ್ನು ಕೊಂದಿತು. ಊಟ ಮುಗಿದ ಮೇಲೆ ಅವಳು ಬಾಯಿ ತೆರೆಯುತ್ತಾಳೆ, ಅವನು ಅಳುತ್ತಾನೆ, ಪುಕ್ಕ, ಕಾಲು, ಕೊಕ್ಕು ತಂದು ಮುಂದಿಡುತ್ತಾನೆ. ಕೆಲವೇ ದಿನಗಳಲ್ಲಿ ಹುಡುಗ ಸಾಯುತ್ತಾನೆ. ಇನ್ನೊಂದು ಮದುವೆ ಮಾಡಿಕೋ ಅಂತ ಅಣ್ಣತಮ್ಮಂದಿರು ಗಂಟು ಬಿದ್ದಾಗ ಅವಳು ಆರಿಸಿಕೊಳ್ಳುವುದು ಫೆಡೆರಿಗೊನನ್ನೇ. ಮನುಷ್ಯ ಬೇಕಾಗಿರುವ ಆಸ್ತಿಗಿಂತ, ಆಸ್ತಿ ಬೇಕಾಗಿರುವ ಮನುಷ್ಯನೇ ನನಗಿರಲಿ ಅಂತಾಳೆ.

ಹೆಂಗಸು ಮಾತಲ್ಲಿ ಹೇಳಲಾಗದ್ದನ್ನು ಅಡುಗೆಯಲ್ಲಿ ಹೇಳುವ ಕತೆಯೂ ಇದೆ. ಮೊನ್‌ಫೆರಾಟೊ ಸೀಮೆಯ ಒಡೆಯ ಮಾರ್ಕಿಯ ಹೆಂಡತಿ ಚೆಲುವೆ ಅಂತ ಕೇಳಿ, ಗಂಡ ಧರ್ಮಯುದ್ಧಕ್ಕೆ ಹೋದ ಸಮಯ ನೋಡಿ ಫ್ರಾನ್ಸಿನ ರಾಜ ಊಟಕ್ಕೆ ಬರುತ್ತೇನೆ ಅಂತ ಹೇಳಿಕಳಿಸುತ್ತಾನೆ. ರಾಜನಿಗೆ ಬರಬೇಡಿ ಅನ್ನಲು ಆಗುತ್ತದೆಯೇ? ಅವಳು ಸುತ್ತಲಿನ ಹೇಂಟೆಗಳನ್ನೆಲ್ಲ ತರಿಸಿ, ಬಗೆಬಗೆಯ ಅಡುಗೆಯನ್ನು ಹೇಂಟೆಯಿಂದಲೇ ಮಾಡಿಸುತ್ತಾಳೆ. ತಟ್ಟೆ ಮೇಲೆ ತಟ್ಟೆ ಬರುತ್ತದೆ, ಎಲ್ಲವೂ ಹೇಂಟೆಯೇ. ನಿಮ್ಮ ನಾಡಿನಲ್ಲಿ ಹುಂಜವೇ ಇಲ್ಲವೇ, ಬರೀ ಹೇಂಟೆಯೇ ಹುಟ್ಟುತ್ತವೆಯೇ ಅಂತ ರಾಜ ಕೇಳುತ್ತಾನೆ. ಹಾಗಲ್ಲ ಪ್ರಭು, ಉಡುಗೆಯಲ್ಲಿ ಅಂತಸ್ತಿನಲ್ಲಿ ಎಷ್ಟೇ ವ್ಯತ್ಯಾಸ ಇರಲಿ, ಹೆಂಗಸರು ಇಲ್ಲೂ ಬೇರೆ ಕಡೆಯ ಹಾಗೇ ಇದ್ದಾರೆ ಅಂತಾಳೆ ಅವಳು. ರಾಜನಿಗೆ ಅರ್ಥವಾಗುತ್ತದೆ. ಊಟ ಮುಗಿಸಿ ಜಿನೋವಾದ ದಾರಿ ಹಿಡಿಯುತ್ತಾನೆ. ಅವಳ ಧೈರ್ಯ ನೆನೆದರೆ ಈಗಲೂ ನನಗೆ ಹೆಮ್ಮೆ ಅನಿಸುತ್ತದೆ.

ಇದರ ಕರಾಳ ಮಗ್ಗುಲು ನಾಲ್ಕನೆಯ ದಿನದಲ್ಲಿದೆ. ಹೆಂಡತಿಯ ಪ್ರಿಯಕರನನ್ನು ಕೊಂದ ಗಂಡ, ಅವನ ಹೃದಯವನ್ನು ಕಾಡುಹಂದಿಯದು ಅಂತ ಹೇಳಿ ರುಚಿಯಾಗಿ ಮಾಡಿಸಿ ಅವಳಿಗೆ ಬಡಿಸುತ್ತಾನೆ. ಚೆನ್ನಾಗಿತ್ತು ಅಂತಾಳೆ ಅವಳು. ನಿಜ ತಿಳಿದ ಮೇಲೆ, ಇಂಥ ಊಟದ ಮೇಲೆ ಇನ್ನೊಂದು ತುತ್ತು ನನಗೆ ಇಳಿಯದಿರಲಿ ಅಂದವಳೇ ಕಿಟಕಿಯಿಂದ ಹಿಂದಕ್ಕೆ ಬೀಳುತ್ತಾಳೆ. ಬಳಗದಲ್ಲಿ ಇದನ್ನು ಗಟ್ಟಿಯಾಗಿ ಓದುವ ಮುಂಚೆ ಎಲ್ಲರಿಗೂ ಒಂದು ಮಾತು ಹೇಳಿಬಿಡಿ.

ಪ್ರಶ್ನೆ: ಆಗ ಊಟದ ಮೇಜು ಹೇಗಿತ್ತು? ಒಬ್ಬೊಬ್ಬರಿಗೆ ಬೇರೆ ತಟ್ಟೆ ಇತ್ತಾ? ಎಂಜಲು ಅಂತ ನೋಡುತ್ತಿರಲಿಲ್ಲವಾ?
– ಮಂಡ್ಯದ ಓದುಗರೊಬ್ಬರು

ಉತ್ತರ: ಒಂದೇ ಕಡೆ ನೆಲೆ ನಿಂತ ಮೇಜನ್ನು ಕಲ್ಪಿಸಿಕೊಳ್ಳಬೇಡಿ. ಮರದ ಆಸರೆ ನಿಲ್ಲಿಸಿ, ಮೇಲೆ ಹಲಗೆ ಇಟ್ಟು, ಬಟ್ಟೆ ಹಾಸುತ್ತಿದ್ದರು. ನಮ್ಮ ಮದುವೆ ಛತ್ರದಲ್ಲಿ ಮಾಡುವ ಹಾಗೆ ಊಟವಾದ ಕೂಡಲೇ ಎಲ್ಲ ತೆಗೆದುಬಿಡುತ್ತಿದ್ದರು. ‘ಮೇಜು ತೆಗೆದ ಮೇಲೆ’ ಅಂತ ಆ ಕತೆಗಳಲ್ಲಿ ಮತ್ತೆ ಮತ್ತೆ ಬರುವುದು ಅದಕ್ಕೇ. 1348ರ ಪ್ಲೇಗಿಗೆ ಹೆದರಿ ಫ್ಲಾರೆನ್ಸ್ ಬಿಟ್ಟು ಹೋದ ಡೆಕಮೆರಾನ್‌ನ 7 ಯುವತಿಯರು, 3 ಯುವಕರು ಮೊದಲ ದಿನ ಊಟಕ್ಕೆ ಬಂದಾಗ ಬಿಳಿ ಬಟ್ಟೆ ಹಾಸಿದೆ, ಲೋಟಗಳು ಬೆಳ್ಳಿಯ ಹಾಗೆ ಹೊಳೆಯುತ್ತಿವೆ, ಎಲ್ಲೆಲ್ಲೂ ಹಳದಿ ಹೂವು ಚೆಲ್ಲಿದೆ. ಮೊದಲು ಕೈಗೆ ನೀರು, ಆಮೇಲೆ ಊಟ. ಮೇಜು ತೆಗೆದ ಮೇಲೆ ಕುಣಿತ, ಹಾಡು. ಊರಲ್ಲಿ ಹೆಣಗಳ ರಾಶಿ. ಹಾಗಾಗಿ ಆ ಶುಚಿಯಾದ ಬಟ್ಟೆಯ ಬೆಲೆ ದೊಡ್ಡದು.

ಇನ್ನು ತಟ್ಟೆ. ಇಬ್ಬರಿಗೆ ಒಂದು ಅನ್ನುವುದು ಮಾಮೂಲಾಗಿತ್ತು. ಎಂಜಲಿನ ವಿಷಯದಲ್ಲಿ ನಮ್ಮಷ್ಟು ಕಟ್ಟುನಿಟ್ಟಿರಲಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಅವರ ತಕರಾರು ಬೇರೆ: ಜೊತೆಗಾರ ಎಷ್ಟು ಬೇಗ ತಿನ್ನುತ್ತಾನೆ? ಫ್ಲಾರೆನ್ಸಿನ ಫ್ರಾಂಕೊ ಸಕೆಟ್ಟಿ 14ನೆಯ ಶತಮಾನದ ಕೊನೆಯಲ್ಲಿ ಬರೆದ ಕತೆಗಳಲ್ಲಿ ನೊಡ್ಡೊ ಎಂಬವನಿದ್ದಾನೆ. ಎಷ್ಟೇ ಕುದಿಯುವ ತಿನಿಸಾದರೂ ಗುಳುಂ ಅನ್ನಿಸುವವನು. ಒಂದು ದಿನ ಹೊಗೆಯಾಡುವ ಮ್ಯಾಕರೋನಿಯ ತಟ್ಟೆಗೆ ಅವನ ಜೊತೆ ಜೊವಾನ್ನಿ ಕೂರಬೇಕಾಗುತ್ತದೆ. ನೊಡ್ಡೊ ಆರು ತುತ್ತು ಇಳಿಸಿದರೂ ಜೊವಾನ್ನಿಯ ಮೊದಲ ತುತ್ತು ಇನ್ನೂ ಫೋರ್ಕಿನ ಮೇಲೇ ಹೊಗೆಯಾಡುತ್ತಿದೆ. (ಫೋರ್ಕು ಆಗಲೇ ಅಲ್ಲಿತ್ತು ಅನ್ನುವುದಕ್ಕೂ ಈ ಕತೆಯೇ ಸಾಕ್ಷಿ.) ಹೀಗೇ ಆದರೆ ನನಗೇನೂ ಉಳಿಯುವುದಿಲ್ಲ ಅಂದುಕೊಂಡ ಜೊವಾನ್ನಿ ತನ್ನ ತುತ್ತುಗಳನ್ನು ನಾಯಿಗೆ ಎಸೆಯಲು ಶುರು ಮಾಡುತ್ತಾನೆ. ನಿನ್ನ ಹೊಟ್ಟೆಗೆ ಹೋಗುವುದಕ್ಕಿಂತ ನಾಯಿಗೇ ಹೋಗಲಿ ಅಂತಾನೆ. ಕೊನೆಗೆ ನೊಡ್ಡೊ ನಿಧಾನವಾಗಿ ತಿನ್ನಲೇಬೇಕಾಗುತ್ತದೆ.

ಪ್ರಶ್ನೆ: ಪಂಕ್ತಿಯಲ್ಲಿ ಮೇಲು ಕೀಳು ಅಲ್ಲೂ ಇತ್ತಾ?
– ಉಡುಪಿಯ ಓದುಗರೊಬ್ಬರು

ಉತ್ತರ: ಇತ್ತು, ಚೆನ್ನಾಗಿಯೇ ಇತ್ತು. ಇಟಲಿಯ ಲುಕ್ಕಾ ಊರಿನ ಕತೆಗಾರ ಸೆರ್ಕಾಂಬಿ ಹೇಳುವ ಕತೆ ಇದು. ಕವಿ ದಾಂತೆ ಮಾಮೂಲಿ ಬಟ್ಟೆಯಲ್ಲಿ ನೇಪಲ್ಸಿನ ರಾಜ ರಾಬರ್ಟನ ಆಸ್ಥಾನಕ್ಕೆ ಬರುತ್ತಾನೆ. ಅವನನ್ನು ಮೇಜಿನ ತೀರಾ ಕೊನೆಯಲ್ಲಿ ಕೂರಿಸುತ್ತಾರೆ. ಹಸಿವಿತ್ತು, ಉಂಡು ಎದ್ದು ಹೊರಟೇಬಿಡುತ್ತಾನೆ. ರಾಜ ಪೇಚಾಡಿ ಮತ್ತೆ ಕರೆಸಿದಾಗ ಭಾರಿ ನಿಲುವಂಗಿ ತೊಟ್ಟು ಬರುತ್ತಾನೆ. ಈ ಸಲ ಮೇಲಿನ ಸಾಲು. ದಾಂತೆ ಸಾರು, ಮಾಂಸ, ವೈನು ಎಲ್ಲವನ್ನೂ ಬಟ್ಟೆಗೆ ಬಳಿದುಕೊಳ್ಳುತ್ತಾನೆ. ಮರ್ಯಾದೆ ಸಿಕ್ಕಿದ್ದು ಬಟ್ಟೆಗೆ ತಾನೇ, ಊಟವೂ ಅದಕ್ಕೇ ಸಲ್ಲಲಿ ಅಂತಾನೆ. ಇದೇ ಕತೆಯನ್ನು ಮುಲ್ಲಾ ನಸ್ರುದ್ದೀನನ ಹೆಸರಿನಲ್ಲಿ ನೀವು ಕೇಳಿರಬಹುದು.

ಪ್ರಶ್ನೆ: ಇವುಗಳಲ್ಲಿ ಮಕ್ಕಳಿಗೆ ಹೇಳುವಂಥದ್ದು ಒಂದು ತಿಳಿಸಿ.
– ತುಮಕೂರಿನ ಶಿಕ್ಷಕಿಯೊಬ್ಬರು

ಉತ್ತರ: ಅಡುಗೆಯವ ಕಿಕಿಬಿಯೊನ ಕತೆ ಹೇಳಿ. ಸುಟ್ಟ ಕೊಕ್ಕರೆಯ ಒಂದು ತೊಡೆಯನ್ನು ತಾನು ಮೆಚ್ಚಿದ ಹುಡುಗಿಗೆ ಕೊಟ್ಟುಬಿಟ್ಟು, ಅತಿಥಿಗಳ ಮುಂದೆ ಧಣಿ ಕೇಳಿದಾಗ ‘ಕೊಕ್ಕರೆಗೆ ಇರುವುದೇ ಒಂದು ಕಾಲು’ ಅಂತಾನೆ. ಮಾರನೆಯ ಬೆಳಿಗ್ಗೆ ಧಣಿ ಅವನನ್ನು ಹೊಳೆ ದಂಡೆಗೆ ಎಳೆದೊಯ್ಯುತ್ತಾನೆ. ಅಲ್ಲಿ ಕೊಕ್ಕರೆಗಳು ಒಂಟಿ ಕಾಲಲ್ಲೇ ನಿಂತಿವೆ! ಧಣಿ ‘ಹೋ ಹೋ’ ಅಂತ ಕೂಗಿದಾಗ ಇನ್ನೊಂದು ಕಾಲು ಇಳಿಸಿ ಹಾರುತ್ತವೆ. ‘ನಿನ್ನೆ ರಾತ್ರಿಯದಕ್ಕೆ ನೀವು ಹೋ ಹೋ ಅನ್ನಲಿಲ್ಲವಲ್ಲ ಸ್ವಾಮಿ. ಅಂದಿದ್ದರೆ ಅದೂ ಇನ್ನೊಂದು ಕಾಲು ಇಳಿಸುತ್ತಿತ್ತು’ ಅಂತಾನೆ ಕಿಕಿಬಿಯೊ. ಧಣಿಗೆ ನಗು ತಡೆಯಲಾಗದೆ ಸಿಟ್ಟೆಲ್ಲ ಇಳಿದುಹೋಗುತ್ತದೆ. ಆ ‘ಹೋ ಹೋ’ವನ್ನು ತರಗತಿಯ ಮಕ್ಕಳ ಕೈಯಲ್ಲೇ ಕೂಗಿಸಿ.