ಲಿಮರಿಕ್‌ನಿಂದ ಒಂದು ದಿನಕ್ಕೆ ಕಿಲ್ಲಲೂ

ವಯಸ್ಸಾದ ಅಪ್ಪ ಅಮ್ಮನ ಜೊತೆ ಐರ್ಲೆಂಡ್‌ನ ಲಿಮರಿಕ್‌ನಿಂದ ಒಂದು ದಿನಕ್ಕೆ ಕಿಲ್ಲಲೂಗೆ ಹೋಗಬಹುದಾ, ನೋಡೋಕೆ ಏನಿದೆ ಅಂತ ಕೇಳಿದ್ರಿ. ಖಂಡಿತ ಹೋಗಿ. ಊರು ಚಿಕ್ಕದು, ಹತ್ತಿರದಲ್ಲೇ ಇದೆ. ಡರ್ಗ್ ಸರೋವರ ಮುಗಿದು ಶ್ಯಾನನ್ ನದಿ ಮತ್ತೆ ಶುರುವಾಗುವ ಜಾಗ ಅದು. ಹಳೇ ಕಲ್ಲಿನ ಸೇತುವೆ ದಾಟಿದರೆ ಆಚೆ ಬ್ಯಾಲಿನಾ ಅನ್ನೋ ಊರು, ಅದು ಟಿಪ್ಪರೆರಿ ಕೌಂಟಿ.

ಮೊದಲು ಸೇಂಟ್ ಫ್ಲ್ಯಾನನ್ ಕೆಥೆಡ್ರಲ್‌ಗೆ ಹೋಗಿ. ಒಳಗೆ ಒಂದು ಮುರಿದ ಶಿಲುಬೆಯ ಕಲ್ಲಿದೆ, ದಯವಿಟ್ಟು ಅದನ್ನು ಬಿಡಬೇಡಿ. ಸುಮಾರು ಸಾವಿರ ವರ್ಷ ಹಳೆಯದು. ವೈಕಿಂಗರ ರೂನ್ ಅಕ್ಷರಗಳಲ್ಲಿ 'ಥಾರ್ಗ್ರಿಮ್ ಈ ಶಿಲುಬೆ ಕೆತ್ತಿದ' ಅಂತಿದೆ, ಅದೇ ಕಲ್ಲಿನ ಮೇಲೆ ಐರಿಷರ ಹಳೇ ಗೆರೆ ಲಿಪಿಯಾದ ಒಗಮ್‌ನಲ್ಲಿ ಅವನಿಗೆ ಹಾರೈಕೆ. ಎರಡು ಲಿಪಿಯೂ ಒಂದೇ ಕಲ್ಲಿನಲ್ಲಿ ಸಿಗೋದು ತುಂಬಾ ಅಪರೂಪ. ಓದೋಕೆ ಬರದಿದ್ರೂ ಹತ್ತಿರ ನಿಂತು ಆ ಗೀರುಗಳನ್ನು ನಿಧಾನವಾಗಿ ನೋಡಿ.

1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ ರಾಜ ಬ್ರಯಾನ್ ಬೋರು ಇದೇ ಊರಿನಿಂದ ಆಳಿದ್ದು. ಊರಾಚೆ ಉತ್ತರಕ್ಕೆ ಬೇಲ್ ಬೋರು ಅನ್ನೋ ಮಣ್ಣಿನ ಕೋಟೆ ಇದೆ, ಈಗ ಮರಗಳು ಬೆಳೆದ ದೊಡ್ಡ ದಿಬ್ಬ. ಮಳೆ ಬಂದಿದ್ರೆ ಹಿರಿಯರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ, ಕಾಲು ಜಾರುತ್ತೆ.

ಡರ್ಗ್ ಸರೋವರದಲ್ಲಿ ಹಳೇ ಮಠದ ಅವಶೇಷಗಳಿರುವ ಹೋಲಿ ಐಲ್ಯಾಂಡ್ ಅನ್ನೋ ದ್ವೀಪಕ್ಕೆ ದೋಣಿ ಹೊರಡೋದು ಮೌಂಟ್‌ಶ್ಯಾನನ್‌ನಿಂದ, ಕಿಲ್ಲಲೂನಿಂದ ಕಾರಿನಲ್ಲಿ ಇನ್ನೂ ಮುಂದೆ ಹೋಗಬೇಕು. ಬೇಸಿಗೆ ಆಗಿದ್ರೆ ಮೊದಲೇ ಬುಕ್ ಮಾಡಿ. ಒಂದೇ ದಿನ ಎರಡೂ ಜಾಸ್ತಿ ಆಗುತ್ತೆ ಅಲ್ವಾ, ಅಪ್ಪ ಅಮ್ಮ ಸುಸ್ತಾದ್ರೆ ದ್ವೀಪ ಬಿಟ್ಟು ನದಿ ದಡದಲ್ಲೇ ಕೂತು ಊಟ ಮಾಡಿ.